ಒಂದು ಹುಣಸೆಬೀಜಕ್ಕೆ ಒಂದು ಕೊಡ ನೀರು

ಯಾವ ಕೆಲಸಕ್ಕೆ ಕೈಹಾಕಿದರೂ ಅದು ಕೊನೆಗೆ ನನ್ನ ಸೊಂಟದ ಮೇಲೇ ಬಂದು ಕೂರುತ್ತದೆ. ನಗಬೇಡಿ, ಇದು ಗಂಭೀರವಾದ ವಿಷಯ.

ಚೆನ್ನೈನ ಕೀಲ್ಪಾಕ್‌ನ ನಮ್ಮ ಫ್ಲ್ಯಾಟಿನಲ್ಲಿ ನಲ್ಲಿಗಳು ಒಣಗಿದ ವರ್ಷ. ಸೋಮವಾರ ಬೆಳಿಗ್ಗೆ ತಣ್ಣಿ ಲಾರಿ, ಅಂದರೆ ನೀರಿನ ಟ್ಯಾಂಕರು, ಬರುತ್ತಿತ್ತು. ನಮ್ಮದು ಮೂರನೇ ಮಹಡಿ, ಲಿಫ್ಟ್ ಇಲ್ಲ, ನನಗೆ ಸೊಂಟನೋವು. ಕೆಳಗಿನ ಮನೆಯ ಹೋಟೆಲ್ ಮ್ಯಾನೇಜರು ಕುಂದಾಪುರದವರು. ಹಡಗಿನಲ್ಲಿ ಅಡುಗೆ ಮಾಡುವಾಗ ಕಲಿತ ಪೋಕರನ್ನು ನಮಗೆ ಹೇಳಿಕೊಟ್ಟರು. ತಲೆಗೆ ಏಳು ಇಸ್ಪೀಟೆಲೆ: ನಾಲ್ಕು ತೆರೆದು, ಮೂರು ಮುಚ್ಚಿ. ಪಣಕ್ಕೆ ಹುಣಸೆಬೀಜ. ಗೆದ್ದವರಿಗೆ ಬೀಜಕ್ಕೊಂದರಂತೆ ಸೋತವರು ಕೊಡ ಹೊತ್ತು ಕೊಡಬೇಕು.

೧

ಮೂರನೆಯ ಕೈ ಎದುರುಮನೆ ಮಾಮಿಯದು. ಎಪ್ಪತ್ತು ದಾಟಿದ ಲೆಕ್ಕದ ಟೀಚರ್, ಹುಟ್ಟಾ ರಮ್ಮಿ ಆಟಗಾರ್ತಿ. ಮೊದಲ ದಿನವೇ ಮ್ಯಾನೇಜರು ಆಟ ಬಿಟ್ಟು ಕೆಳಗಿಟ್ಟ ಎಲೆಯನ್ನು ಮಾಮಿ, ರಮ್ಮಿಯಲ್ಲಿ ಎತ್ತುವ ಹಾಗೆ, ಎತ್ತಿ ತಮ್ಮ ಕೈಗೆ ಸೇರಿಸಿಕೊಂಡರು.

“ಎಂತ ಮಾರಾಯ್ರೆ! ಬಿಟ್ಟ ಎಲೆ ಎತ್ಲಿಕ್ಕಿಲ್ಲ!”

“ಬೇಡ ಅಂತ ತಾನೇ ಬಿಟ್ಟಿದ್ದು? ಆಮೇಲೆ ಅದರ ಮೇಲೆ ಏನಪ್ಪಾ ಆಸೆ?”

ಮ್ಯಾನೇಜರು ನಾಲ್ಕು ಕೊಡ ಹೊತ್ತರು.

೨

ಐದು ಎಲೆ ಸಾಲಾಗಿ ಬಂದರೆ ಸ್ಟ್ರೈಟ್. ನನಗೆ ಅದರದ್ದೇ ಹುಚ್ಚು. ಒಮ್ಮೆ ಐದು, ಆರು, ಎಂಟು, ಒಂಬತ್ತು ಸೇರಿದವು. ಒಂದೇ ಒಂದು ಏಳು ಬೇಕು. ರಾಯರನ್ನು ನೆನೆದು ಬೀಜ ಹಾಕುತ್ತಲೇ ಹೋದೆ. ಬರಲಿಲ್ಲ.

“ಮೂರು ಏಳು ಮಾಮಿಯ ಎದುರು ಉಂಟು, ಒಂದು ನನ್ನ ಎದುರು. ಕಣ್ಣು ಎಲ್ಲಿತ್ತು ನಿಮ್ಗೆ?” ಎಂದರು ಮ್ಯಾನೇಜರು.

“ಮುಚ್ಚಿಕೊಂಡಿದ್ದೆ. ಪ್ರಾರ್ಥನೆ ಮಾಡ್ತಿದ್ದೆ.”

ಆರು ಕೊಡ.

೩

ಆಮೇಲೆ ಬುದ್ಧಿ ಬಂತು. ಬೇಕಾದ ಎಲೆ ಬೇರೆಯವರ ಮುಂದೆ ಬಿದ್ದಿದ್ದರೆ ಆಟ ಬಿಡು. ಎಲ್ಲೂ ಕಾಣದಿದ್ದರೆ ಮಾತ್ರ ಕಾಯಿ. ಒಂದು ಭಾನುವಾರ ಆರು, ಏಳು, ಎಂಟು, ಒಂಬತ್ತು ಬಂದವು. ಐದಾದರೂ ಆಯಿತು, ಹತ್ತಾದರೂ ಆಯಿತು. ಎರಡೂ ಎಲ್ಲೂ ಕಾಣಲಿಲ್ಲ. ಮಾಮಿಯ ಮುಂದೆ ಎರಡು ರಾಜ, ಎರಡು ರಾಣಿ; ಸ್ಟ್ರೈಟ್ ಆದರೆ ಆ ಜೋಡಿಗಳನ್ನು ಹೊಡೆಯುತ್ತದೆ. ಮ್ಯಾನೇಜರು ಬಿಟ್ಟರು. ನಾನು ವಾರದ ನೀರು ಪೂರ್ತಿ, ಹತ್ತು ಬೀಜ ತಳ್ಳಿದೆ. ಮಾಮಿಯೂ ತಳ್ಳಿದರು. ಕೊನೆಯ ಎಲೆ ಹತ್ತು! ಜೀವನದಲ್ಲಿ ಅಷ್ಟು ಸಂತೋಷ ನನಗೆ ಮದುವೆ ದಿನವೂ ಆಗಿರಲಿಲ್ಲ.

ಮಾಮಿ ಸೋತದ್ದು ಅದೇ ಮೊದಲು. ಸೋಮವಾರ ಸೆರಗು ಸಿಕ್ಕಿಸಿ, ನಮ್ಮ ಕೊಡ ಹಿಡಿದು, ಲಾರಿಯ ಮುಂದೆ ನಿಂತೇಬಿಟ್ಟರು. ಕ್ಯೂನಲ್ಲಿದ್ದವರೆಲ್ಲ ನನ್ನನ್ನೇ ನೋಡಿದರು. ನಾಚಿಕೆಯಿಂದ ಸತ್ತೆ. ಕೊಡ ಕಸಿದುಕೊಂಡೆ. ನಮ್ಮ ಹತ್ತು ಹತ್ತಿಸಿದೆ. ಆಮೇಲೆ, ಬಿಡಲಾಗುತ್ತದೆಯೇ, ಅವರ ಹತ್ತನ್ನೂ ಹತ್ತಿಸಿದೆ.

ಬಾಗಿಲಲ್ಲಿ ಹೆಂಡತಿ ಕೇಳಿದಳು: “ಏನ್ರೀ, ಸೋತಿದ್ದರೆ ಎಷ್ಟು ಹೊರ್ತಿದ್ರಿ?”

“ಇಪ್ಪತ್ತು.”

“ಈಗ ಗೆದ್ದು?”

ನಾನು ಗೋಡೆ ಹಿಡಿದು ನಿಂತೆ. ಅಷ್ಟರಲ್ಲಿ ಮಾಮಿ ಕಾಫಿ ತಂದು, ತಲೆ ಸವರಿ ಹೇಳಿದರು:

“ಬರೋ ಭಾನುವಾರ ಇನ್ನೂ ದೊಡ್ಡದಾಗಿ ಗೆಲ್ಲಪ್ಪಾ. ನಮ್ಮ ಮನೇಲಿ ಸಮಾರಾಧನೆ ಇದೆ.”