ತಾನಾಗಿ ತುಂಬಿದ ಫಾರಂ

ವೆಬ್‌ಸೈಟಿನಲ್ಲಿ ಸದಸ್ಯರ ವಿವರ ತಿದ್ದುವ ಫಾರಂ ಖಾಲಿ ಬರುತ್ತಿತ್ತು. ಅಷ್ಟೇ ತೊಂದರೆ. ಆದರೆ ಜಯನಗರದ ಮಧುಮತಿಯವರ ವಧೂವರ ಕೇಂದ್ರದಲ್ಲಿ ಅದರಿಂದ ಬೆಳಗಿನಿಂದಲೇ ರಂಪ. ಫೋನ್ ನಂಬರ್ ಬದಲಿಸಲು ಬಂದವರು ಗೋತ್ರದಿಂದ ಎತ್ತರದವರೆಗೆ ಎಲ್ಲವನ್ನೂ ಮತ್ತೆ ತುಂಬಬೇಕಿತ್ತು.

“ನಾಲ್ಕು ಗಂಟೆಗೆ ಗಂಡು-ಹೆಣ್ಣಿನ ಕಡೆಯವ್ರು ಬರ್ತಾರೆ. ಅಷ್ಟರಲ್ಲಿ ಹಳೇ ವಿವರ ತಾನಾಗೇ ತುಂಬ್ಕೊಂಡು ಬರ್ಬೇಕು. ಇಲ್ದಿದ್ರೆ ಬೇರೆಯವ್ರನ್ನ ನೋಡ್ಕೋತೀನಿ,” ಎಂದರು ಮಧುಮತಿ.

ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಆ ವೆಬ್‌ಸೈಟ್ ಕಟ್ಟಿದ್ದ ನಂದಕುಮಾರ್ ಅಲ್ಲೇ ಲ್ಯಾಪ್‌ಟಾಪ್ ಬಿಚ್ಚಿ ಕೂತ. ಡೇಟಾಬೇಸಿನಲ್ಲಿ ವಿವರವಿದೆ. ಪ್ರೋಗ್ರಾಮ್ ಅದನ್ನು ತರುತ್ತಲೂ ಇದೆ. ಪರದೆಗೆ ಬರುವಷ್ಟರಲ್ಲಿ ಮಾಯ! ಒಂದು ಎರರ್ ಆದರೂ ಬೇಡವೇ? ಮುನಿಸಿಕೊಂಡ ಬೀಗರಂತೆ ಫಾರಂ ಬಾಯಿಯೇ ಬಿಡಲಿಲ್ಲ.

ಸಹೋದ್ಯೋಗಿ ರೇವಂತ್ ಫೋನಿನಲ್ಲಿ, “ಸರ್ವರ್ ರೀಸ್ಟಾರ್ಟ್ ಮಾಡು ಮಗಾ,” ಎಂದ. ಮಾಡಿದ್ದಕ್ಕೆ ಇದ್ದ ಸೈಟೂ ಅರ್ಧ ಗಂಟೆ ಮಲಗಿತು. ಕಟ್ಟಡದ ಮಾಲೀಕ ಬೈರಣ್ಣ ಇಣುಕಿ, “ದಕ್ಷಿಣಕ್ಕೆ ಮುಖ ಮಾಡ್ಕೊಂಡು ಕೂತ್ರೆ ಯಾವ ಕೆಲ್ಸ ಆಯ್ತದೆ ಸಾರ್?” ಎಂದು ಮೇಜನ್ನೇ ಎಳೆದ. ವೈಫೈ ಡಬ್ಬಿ ನೆಲಕ್ಕೆ ಬಿತ್ತು.

ಮೂರೂವರೆಗೆ ಕಳ್ಳ ಸಿಕ್ಕಿದ. ವಿವರದ ಕಟ್ಟಿಗೆ ಇಟ್ಟ ‘ಸದಸ್ಯ’ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಪ್ರೋಗ್ರಾಮಿನಲ್ಲಿ ಬರೀ ‘ಡಿ’, ಫಾರಂ ಪುಟದಲ್ಲಿ ‘ಡಿ’ ಪಕ್ಕ ಒಂದು ‘ಎಚ್’! ಹೆಸರು ಹೊಂದದೆ ಪುಟ ಸುಮ್ಮನೆ ಖಾಲಿ ಜಾಗ ತೋರಿಸುತ್ತಿತ್ತು. ಎಚ್ ಅಳಿಸಿದ. ಜೀವ ಬಂತು.

ನಾಲ್ಕಕ್ಕೆ ಎರಡೂ ಕಡೆಯವರು ಬಂದರು. ಗಂಡಿನ ತಾಯಿ ವಾರಿಜಾ, “ನಮ್ ಮಾಧವಂಗೆ ಈಗಿನ್ನೂ ಇಪ್ಪತ್ತೊಂಬತ್ತು ತುಂಬ್ತು. ಅವನ ಹೊಸ ಫೋನ್ ನಂಬರ್ ಸೇರಿಸ್ಬಿಡಿ,” ಎಂದರು.

“ಒಂದೇ ಬಟನ್ ಸಾಕು, ನೀವು ಸೇರ್‍ದಾಗ ಕೊಟ್ಟಿದ್ದೆಲ್ಲ ತಾನಾಗೇ ಬರುತ್ತೆ ನೋಡಿ!” ಎಂದು ಮಧುಮತಿ ಬೀಗಿದರು. ನಂದಕುಮಾರ್ ಬಟನ್ ಒತ್ತಿದ. ಗೋಡೆಯ ದೊಡ್ಡ ಟಿವಿಯಲ್ಲಿ ಫಾರಂ ಸರಸರನೆ ತುಂಬಿತು. ಒಂದು ಜಾಗವೂ ಖಾಲಿಯಿಲ್ಲ! ಅವನಿಗೆ ಎದ್ದು ಕುಣಿಯುವಷ್ಟು ಖುಷಿ.

ಹುಡುಗಿಯ ತಂದೆ ಕನ್ನಡಕ ಏರಿಸಿ ಓದಿದರು. “ವಯಸ್ಸು ಮೂವತ್ತೇಳು ಅಂತಿದೆಯಲ್ಲ ತಾಯಿ?”

ವಾರಿಜಾ ಕೆಂಪಾದರು. ಹೆಣ್ಣಿನ ಕಡೆಯವರು ಕೋಡುಬಳೆ ತಟ್ಟೆಯಲ್ಲೇ ಬಿಟ್ಟು ಹೊರಟರು. ಗಂಡಿನ ಕಡೆಯವರು ಬಾಗಿಲು ಬಡಿದುಕೊಂಡು ಹೋದರು.

ನಂದಕುಮಾರ್ ಮೆಲ್ಲಗೆ, “ಮೇಡಂ, ಫಾರಂ ಸರಿಹೋಯ್ತಲ್ಲ?” ಎಂದ.

“ನಿಮ್ ತಲೆ!” ಎಂದರು ಮಧುಮತಿ. “ಮೊದ್ಲು ಅದನ್ನ ಖಾಲಿ ಮಾಡ್ರೀ! ನಿಜ ನೆನಪಿಟ್ಕೊಳ್ಳೋ ಫಾರಂ ಇಟ್ಕೊಂಡು ನಾನು ಯಾರ ಮದ್ವೆ ಮಾಡಿಸ್ಲಿ?”