ಇಬ್ಬರು ಕೂತು ಬರೆದ ಪ್ರೇಮಕಥೆ

ಪ್ರೀತಿ ಎಲ್ಲ ದೇಶದಲ್ಲೂ ಒಂದೇ ಅನ್ನುವವರು ಬಂಟ್ವಾಳದಿಂದ ಮೂಡುಬಿದಿರೆಗೆ ಬಸ್ಸಿನಲ್ಲಿ ಬಂದಿರಲಿಕ್ಕಿಲ್ಲ. ಒಂದು ಕಡೆ ಕಾಲು ನಿಲ್ಲದೆ ಎಲ್ಲೆಲ್ಲೋ ಅಲೆದವಳು ನಾನು. ಆದರೂ ಇಲ್ಲಿನ ಮಕ್ಕಳು ಪ್ರೇಮಕಥೆ ಬರೆಯಲು ಕೂತಾಗ ಆಗುವ ಪಜೀತಿಯನ್ನು ಬೇರೆಲ್ಲೂ ಕಂಡಿಲ್ಲ. ಬೇಸಿಗೆ ರಜೆಯಲ್ಲಿ ಮೂಡುಬಿದಿರೆಯ ನನ್ನ ಬಾಡಿಗೆ ಮನೆಯ ಜಗಲಿಯಲ್ಲಿ ಡಿಗ್ರಿ ಓದುವ ಮಕ್ಕಳಿಗೆ ಕಥೆ ಬರೆಯುವುದನ್ನು ಹೇಳಿಕೊಡುತ್ತೇನೆ. ಈ ಸಲ ತೋಡಾರಿನ ಹುಡುಗಿಯೊಬ್ಬಳು, ಬೆಳ್ತಂಗಡಿಯ ಹುಡುಗನೊಬ್ಬ ಬಂದರು. ಪಿಯುಸಿಯಿಂದಲೂ ದೋಸ್ತಿಗಳು. ಇಬ್ಬರೂ ಸೇರಿ ಒಂದು ಪ್ರೇಮ ಕಾದಂಬರಿಗೆ ಕೈಹಾಕಿದರು.

ಮೊದಲ ಭೇಟಿ

ಹುಡುಗ ಬರೆದದ್ದು ಹೀಗೆ: ಬಸ್ಸಿನಲ್ಲಿ ನಾಯಕ, ನಾಯಕಿ ಅಕ್ಕಪಕ್ಕ ಕೂತಿದ್ದಾರೆ. ಇಬ್ಬರೂ ಅಪರಿಚಿತರು. ಕಣ್ಣು ಕಣ್ಣು ಸೇರುತ್ತದೆ.

“ಅಪರಿಚಿತರಾ? ಎಷ್ಟು ಹೊತ್ತು ಮಾರಾಯ?” ಎಂದಳು ಹುಡುಗಿ. “ಹಿಂದಿನ ಸೀಟಿನ ಹೆಂಗಸು ಸುಮ್ಮನೆ ಕೂರ್ತಾರಾ? ‘ನೀನು ಯಾರ ಮಗ? ಅಮ್ಮನ ಮನೆ ಎಲ್ಲಿ?’ ಅಂತ ಕೇಳುವುದಿಲ್ವಾ?”

ಅವನಿಗೂ ಸರಿ ಅನ್ನಿಸಿತು. ಹಿಂದಿನ ಸೀಟಿಗೆ ಒಬ್ಬ ಹೆಂಗಸನ್ನು ಹತ್ತಿಸಿದರು. ಅಧ್ಯಾಯ ಮುಗಿಯುವಾಗ ನಾಯಕನಿಗೆ ನಾಯಕಿಯ ಹೆಸರೂ ಗೊತ್ತಾಗಿರಲಿಲ್ಲ. ಆ ಹೆಂಗಸು ಮಾತ್ರ ಅವನ ಅಜ್ಜನ ಮಂಡಿನೋವಿಗೆ ಎಣ್ಣೆ ಹೇಳಿ ಇಳಿದು ಹೋಗಿದ್ದರು.

ಹೇಳುವುದು ಹೇಗೆ?

“‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಎಂದು ನಾಯಕ ನುಡಿದ.”

ಹುಡುಗ ಬರೆದ ಈ ಸಾಲನ್ನು ಓದಿ ಹುಡುಗಿ ಬಿದ್ದು ಬಿದ್ದು ನಕ್ಕಳು. “ಇದೆಂತ, ವಾರ್ತೆ ಓದಿದ ಹಾಗೆ! ಮನೆಯಲ್ಲಿ ತುಳು ಮಾತಾಡುವವ ಪ್ರೀತಿಗೆ ಮಾತ್ರ ಶಾಲೆಯ ಕನ್ನಡ ತೆಗೀತಾನಾ?”

“ಹಾಗಾದ್ರೆ ನಿನ್ನ ಅಪ್ಪ ನಿನ್ನ ಅಮ್ಮನಿಗೆ ಎಂತ ಹೇಳ್ತಾರೆ?”

ಅವಳು ಸ್ವಲ್ಪ ಯೋಚಿಸಿದಳು. “ಮೀನು ತಂದಿದ್ದೇನೆ ಅಂತ.”

ನಾಯಕ ಮೀನು ತಂದ. ನಾಯಕಿ ಪ್ಲಾಸ್ಟಿಕ್ ತೊಟ್ಟೆ ಬಿಡಿಸಿ ನೋಡಿ “ಬಂಗುಡೆ!” ಎಂದು ಕಣ್ಣರಳಿಸಿದಳು. ಇಡೀ ಕಾದಂಬರಿಯಲ್ಲಿ ನನ್ನ ಕಣ್ಣು ಒದ್ದೆಯಾದ ಪುಟ ಅದೊಂದೇ.

ನನ್ನ ಸಲಹೆ

ಒಂದು ಮಧ್ಯಾಹ್ನ ಹುಡುಗ ಒಬ್ಬನೇ ಬೇಗ ಬಂದ. “ಮೇಡಮ್, ಇದು ಕಥೆಗೆ ಅಲ್ಲ, ನನಗೇ ಕೇಳುವುದು. ಅವಳಲ್ಲಿ ಹೇಳಿ, ಅವಳು ಬೇಡ ಅಂದ್ರೆ? ಇಷ್ಟು ವರ್ಷದ ದೋಸ್ತಿಯೂ ಹೋಯ್ತಲ್ಲ?”

ಅವನ ಕಿವಿ ಕೆಂಪಾಗಿತ್ತು. ತಮಾಷೆ ಮಾಡುವ ಮನಸ್ಸಾಗಲಿಲ್ಲ. “ಹೇಳಿಬಿಡು ಮಾರಾಯ. ಹೇಳದೆ ಉಳಿದದ್ದೇ ಆಮೇಲೆ ಕಾಡುವುದು. ನಾನು ನಾಲ್ಕು ದೇಶ ತಿರುಗಿದವಳು, ಪ್ರೀತಿಯ ವಿಷಯ ನನಗೆ ಗೊತ್ತುಂಟು” ಎಂದೆ.

ಅವನು ಖಾಲಿ ಜಗಲಿ, ನನ್ನ ಒಂಟಿ ಚಹಾ ಲೋಟ, ಬಾಗಿಲ ಬಳಿ ಸದಾ ತಯಾರಾಗಿರುವ ಸೂಟ್‌ಕೇಸು ಎಲ್ಲವನ್ನೂ ನೋಡಿದ. ಮತ್ತೆ ಮೆಲ್ಲಗೆ ಹೇಳಿದ: “ಬೇರೆ ಯಾರಲ್ಲಾದ್ರೂ ಕೇಳ್ತೇನೆ ಮೇಡಮ್.”

ಅಜ್ಜಿಯ ವಿಮರ್ಶೆ

ಕಾದಂಬರಿ ಮುಗಿಯಿತು. ಹುಡುಗಿಯ ಅಜ್ಜಿಗೆ ಓದಿ ಹೇಳಲು ಮೂವರೂ ತೋಡಾರಿಗೆ ಹೋದೆವು. ಅಜ್ಜಿ ಚೂರಿಯಿಂದ ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಾ ಕೇಳಿದರು. ಕಥೆಯಲ್ಲಿ ಮದುವೆಯ ಮಾತು ಬಂದದ್ದೇ ಕೈ ನಿಲ್ಲಿಸಿದರು.

“ಹುಡುಗಿಯ ಬರಿ ಯಾವುದು?”

ಬರಿ ಎಂದರೆ ತುಳುನಾಡಿನಲ್ಲಿ ತಾಯಿಯ ಕಡೆಯಿಂದ ಬರುವ ಕುಲ. ಒಂದೇ ಬರಿಯವರು ಅಣ್ಣತಂಗಿ ಲೆಕ್ಕ, ಮದುವೆ ಇಲ್ಲ. ನಮ್ಮ ಲೇಖಕರು ಅದನ್ನು ಯೋಚಿಸಿಯೇ ಇರಲಿಲ್ಲ.

“ನಮ್ಮದೇ ಬರಿ ಇಡುವ, ಅಜ್ಜಿ” ಎಂದಳು ಹುಡುಗಿ.

“ಹುಡುಗನದ್ದು?”

ಅವಳು ಹೇಳಿದ್ದಕ್ಕೆಲ್ಲ ಹೂಂಗುಟ್ಟಿಯೇ ಅಭ್ಯಾಸವಾದ ಹುಡುಗ, “ಅವನಿಗೂ ಅದನ್ನೇ ಇಡುವ” ಅಂದುಬಿಟ್ಟ.

“ಛೇ ಛೇ! ಅಣ್ಣತಂಗಿಗೆ ಮದುವೆಯಾ? ನಾನು ಒಪ್ಪುವುದಿಲ್ಲ!” ಅಜ್ಜಿ ಚೂರಿ ಎತ್ತಿದರು.

ಹುಡುಗ ಧಡಕ್ಕನೆ ಎದ್ದು ನಿಂತ. “ಇಲ್ಲ ಅಜ್ಜಿ! ಅದು ಕಥೆಯವನದ್ದು! ನನ್ನದು ಬೇರೆ!”



“ನಿನ್ನದು ಯಾರು ಕೇಳಿದ್ದು?” ಎಂದರು ಅಜ್ಜಿ.

ಹುಡುಗನ ಮುಖ ನೋಡಲಾಗುತ್ತಿರಲಿಲ್ಲ. ನಾಲ್ಕು ದೇಶ ತಿರುಗಿದ ನಾನು ಹಲಸಿನ ಬೀಜ ಎಣಿಸತೊಡಗಿದೆ. ಹುಡುಗಿ ಮಾತ್ರ ಅಜ್ಜಿಯ ಕೈಯಿಂದ ಚೂರಿ ತೆಗೆದುಕೊಂಡು, ಒಂದು ಬೀಜ ಎತ್ತಿ, ತಲೆ ತಗ್ಗಿಸಿಯೇ ಹೇಳಿದಳು:

“ಅವನದ್ದು ಬೇರೆಯೇ ಅಜ್ಜಿ. ಪಿಯುಸಿಯಲ್ಲಿ ಇರುವಾಗಲೇ ಅವನ ಅಮ್ಮನಲ್ಲಿ ಕೇಳಿ ಇಟ್ಟಿದ್ದೇನೆ.”