ತೆಂಗಿನಮರದ ಟೆಲಿಫೋನು

ಸರ್ಕಾರಿ ಕೆಲಸದಲ್ಲಿರುವವರು ನಗಬಾರದು ಅಂತ ಇದುವರೆಗೆ ಸುತ್ತೋಲೆ ಬಂದಿಲ್ಲ. ಬಂದರೂ ನಮ್ಮಲ್ಲಿ ಅದನ್ನು ಪಾಲಿಸೋಕಾಗಲ್ಲ, ಅಂಥವೇ ಪ್ರಸಂಗಗಳು ದಿನಾ ಬಾಗಿಲು ತಟ್ಟುತ್ತವೆ. ನಾನು ಹಳೇಬೀಡಿನ ಆಚೆಗಿನ ಒಂದು ಗ್ರಾಮ ಪಂಚಾಯ್ತಿಯ ಪಿಡಿಒ. ಬೇಲೂರಿನಿಂದ ಬಸ್ಸಿನಲ್ಲಿ ಬಂದು ಹೋಗುತ್ತೇನೆ. ಮೇಡಂಗೆ ಮೂಗಿನ ತುದೀಲೇ ಕೋಪ ಅಂತ ಜನ ಆಡಿಕೊಳ್ಳುತ್ತಾರೆ. ಹಳ್ಳಿಗೆ ಫೋನು, ಇಂಟರ್‌ನೆಟ್ಟು ತರಿಸೋಕೆ ಹೊರಟವರಿಗೆ ಕೋಪ ಬರದೆ ಇನ್ನೇನು ಬರುತ್ತೆ, ನೀವೇ ಹೇಳಿ.

೧. ಕೆಂಪು ದೀಪ

ಸರ್ಕಾರದ ಯೋಜನೆಯಲ್ಲಿ ನಮ್ಮ ಆಫೀಸಿಗೆ ಇಂಟರ್‌ನೆಟ್ ಬಂತು. ಗೋಡೆ ಮೇಲೆ ಒಂದು ಪುಟ್ಟ ಪೆಟ್ಟಿಗೆ, ಅದರಲ್ಲಿ ಮಿಣಮಿಣ ಅನ್ನೋ ದೀಪ. "ಹಸಿರು ಇದ್ದರೆ ಸರಿ, ಕೆಂಪಾದರೆ ಫೋನ್ ಮಾಡಿ" ಅಂತ ಅದನ್ನು ಹಾಕಿದವರು ಹೇಳಿ ಹೋದರು.

ಆಯುಧಪೂಜೆ ರಜೆ ಮುಗಿಸಿ ಬಂದರೆ ನೆಟ್ ಇಲ್ಲ, ದೀಪ ಕೆಂಪು. ಸಹಾಯವಾಣಿಗೆ ಫೋನ್ ಮಾಡಿದೆ. "ಮಿನುಗ್ತಾ ಇದೆಯಾ ಮೇಡಂ, ಒಂದೇ ಸಮ ಇದೆಯಾ?" ಅಂದರು. ಒಂದೇ ಸಮ ಇದೆ ಅಂದೆ. ಹಾಗಾದರೆ ಕೇಬಲ್ಲೇ ತುಂಡಾಗಿದೆ ಅಂತ ತೀರ್ಮಾನವಾಯಿತು. ಅರಸೀಕೆರೆಯಿಂದ ಇಬ್ಬರು ಬಂದು, ಹಳೇಬೀಡಿನಿಂದ ನಮ್ಮ ಆಫೀಸಿನವರೆಗೂ ಕೇಬಲ್ ಹಿಡಿದು ಬಿಸಿಲಲ್ಲಿ ನಡೆದರು. ಎಲ್ಲೂ ತುಂಡಾಗಿರಲಿಲ್ಲ. ಕೊನೆಗೆ ಒಬ್ಬ ಸುಸ್ತಾಗಿ ಬಂದು ಪೆಟ್ಟಿಗೆಯ ಮೇಲೆ ಬೆರಳಾಡಿಸಿದ. ಬೆರಳು ಕೆಂಪಾಯಿತು. ಕುಂಕುಮ. ಅದರ ಕೆಳಗೆ ದೀಪ ಉರಿಯುತ್ತಲೇ ಇರಲಿಲ್ಲ.

ನಾನು ಅಟೆಂಡರ್ ಕಡೆ ತಿರುಗಿದೆ. "ಪೂಜೆ ಅಂದ್ಮೇಲೆ ಕುಂಕುಮ ಇಡ್ದೆ ಇರಕ್ಕಾಯ್ತದಾ ಮೇಡಂ? ಪ್ಲಗ್ಗು ಕಿತ್ತಿದ್ದು ಸೀರಿಯಲ್ ಸೆಟ್ ಹಾಕಕ್ಕೆ" ಅಂದ, ಏನೂ ಆಗೇ ಇಲ್ಲವೆನ್ನುವ ಹಾಗೆ.

"ದೂರು ಮುಗಿಸಬೇಕಾದರೆ ಕಾರಣ ಬರೀಬೇಕು, ಏನಂತ ಬರೀಲಿ?" ಅಂತ ಬಂದವನು ತಲೆ ಕೆರೆದುಕೊಂಡ.

"ಭಕ್ತಿ ಅಂತ ಬರ್ಕೊಳಿ ಸಾ" ಅಂದ ನಮ್ಮ ಅಟೆಂಡರ್.

೨. ಯಾರಿಗೂ ಹೇಳಬೇಡ

ಆಫೀಸಿಗೇನೋ ನೆಟ್ ಬಂತು. ಆದರೆ ನಮ್ಮ ಪಂಚಾಯ್ತಿಗೇ ಸೇರಿದ ಒಂದು ಪುಟ್ಟ ಊರು ಹುಲಿಕೆರೆ ಕಡೆ ಒಳಗೆ, ತಗ್ಗಿನಲ್ಲಿದೆ. ಅಲ್ಲಿ ಮೊಬೈಲು ಟಾರ್ಚಿಗೆ ಬಿಟ್ಟರೆ ಇನ್ಯಾವುದಕ್ಕೂ ಉಪಯೋಗವಿಲ್ಲ. ಸಿಗ್ನಲ್ ಸಿಗುತ್ತಿದ್ದುದು ಒಂದೇ ಜಾಗದಲ್ಲಿ, ಒಬ್ಬ ಅಜ್ಜಿಯ ಹಿತ್ತಲಿನ ಎತ್ತರದ ತೆಂಗಿನಮರದ ತುದಿಯಲ್ಲಿ.

ಆ ಮರ ಹತ್ತುವವನು ಊರಿನ ಕಾಯಿ ಕೀಳೋ ಆಸಾಮಿ. ಯಾರಿಗೆ ಯಾರ ಹತ್ತಿರ ಮಾತಾಡಬೇಕಾದರೂ ಅವನೇ ಮೇಲೆ ಹತ್ತಿ, ಆ ಕಡೆಯ ಮಾತನ್ನು ಕೆಳಕ್ಕೆ ಕೂಗುತ್ತಿದ್ದ, ಈ ಕಡೆಯದನ್ನು ಫೋನಿಗೆ ಹೇಳುತ್ತಿದ್ದ. ಅಜ್ಜಿಯ ಒಬ್ಬಳೇ ಮಗಳು ಅರಸೀಕೆರೆಯಲ್ಲಿದ್ದಾಳೆ. ನಾನು ಮೊದಲ ಸಲ ಹೋದ ದಿನ ಅವಳದೇ ಫೋನು ನಡೆಯುತ್ತಿತ್ತು.

"ಅಜ್ಜೀ, ಮಂಡಿನೋವು ಹೆಂಗೈತೆ ಅಂತವ್ಳೆ."

"ಹಂಗೇ ಐತೆ ಅನ್ನು."

"ಅಳಿಯ ಮೊನ್ನೆ ಕುಡ್ಕೊಂಡು ಬಂದಿದ್ನಂತೆ. ಊರಲ್ಲಿ ಯಾರ್ಗೂ ಹೇಳ್ಬೇಡ ಅಂತವ್ಳೆ." ಇಡೀ ಊರು ಕೆಳಗೆ ನಿಂತು ತಲೆಯಾಡಿಸಿತು.

ಅಜ್ಜಿ ಆಮೇಲೆ ನನ್ನ ಕೈ ಹಿಡಿದುಕೊಂಡಳು. "ಅವ್ವಾ, ಒಂದು ಟವರ್ ಹಾಕ್ಸ್‌ಕೊಡು. ಮಗಳ ಹತ್ರ ಒಂದು ಗುಟ್ಟಿನ ಮಾತು ಆಡ್ಬೇಕು. ಬಸ್ ಹತ್ತಕ್ಕೆ ಮಂಡಿ ಬಿಡಲ್ಲ. ಅವಳು ಹಬ್ಬಕ್ಕೆ ಬಂದ್ರೆ ಮನೆ ತುಂಬ ಜನ. ಸಾಯೋದ್ರೊಳಗೆ ಹೇಳ್ಬೇಕು ಕಣವ್ವ." ಒಡವೆ ವಿಷಯವೋ, ಆಸ್ತಿ ವಿಷಯವೋ, ಪಾಪ. ಹಾಕಿಸಿಯೇ ತೀರುತ್ತೇನೆ ಅಂತ ಮಾತು ಕೊಟ್ಟುಬಿಟ್ಟೆ.

೩. ಸಾಹೇಬರ ಸತ್ಕಾರ

ಲಾಭವಿಲ್ಲದ ಊರಿಗೆ ಫೋನ್ ಕಂಪನಿ ತಲೆ ಹಾಕಲ್ಲ. ಅಂಥ ಕಡೆ ಸರ್ಕಾರವೇ ದುಡ್ಡು ಕೊಟ್ಟು ಟವರ್ ಹಾಕಿಸುತ್ತೆ. ನಿಯಮ ಒಂದೇ: ಆ ಊರಲ್ಲಿ ಸಿಗ್ನಲ್ ಇರಬಾರದು. ನಾನು ಅರ್ಜಿ ಹಾಕಿದೆ, ಹಾಸನದಿಂದ ಒಬ್ಬ ಸಾಹೇಬರು ಪರೀಕ್ಷೆಗೆ ಬಂದರು. ಊರೆಲ್ಲ ಸುತ್ತಿದರು, ಎಲ್ಲೂ ಸಿಗ್ನಲ್ ಇಲ್ಲ. ನನಗೆ ಹಾಲು ಕುಡಿದಷ್ಟು ಸಂತೋಷ.

ಮುದ್ದೆ ಊಟಕ್ಕೆ ಕೂತಾಗ ಸಾಹೇಬರು, "ಲೇಟಾಗುತ್ತೆ ಅಂತ ಮನೆಗೊಂದು ಮಾತು ಹೇಳೋಕೂ ಆಗಲ್ವಲ್ಲ" ಅಂದರು. ಮನೆಗೆ ಬಂದವರಿಗೆ ಇಲ್ಲ ಅನ್ನೋದು ಆ ಊರಿನವರಿಗೆ ಗೊತ್ತೇ ಇಲ್ಲ. ನಾನು ಕಣ್ಣು ಬಿಟ್ಟು ಸನ್ನೆ ಮಾಡುವಷ್ಟರಲ್ಲಿ ಕಾಯಿ ಕೀಳೋನು ನಂಬರ್ ಕೇಳಿಕೊಂಡು ಮರದ ಅರ್ಧಕ್ಕೆ ಹೋಗಿದ್ದ. ಉತ್ತರವೂ ಇಳಿದು ಬಂತು.

"ಸಾ, ಬರ್ತಾ ಅರ್ಧ ಕೆಜಿ ಬೆಳ್ಳುಳ್ಳಿ ತರಬೇಕಂತೆ. ನಿನ್ನೆ ನೀವು ಅಂದಿದ್ದನ್ನ ಇನ್ನೂ ಮರ್ತಿಲ್ವಂತೆ."

ಸಾಹೇಬರ ಮುಖ ಸಪ್ಪಗಾಯಿತು. ಮಜ್ಜಿಗೆಯನ್ನೂ ಮುಟ್ಟದೆ ಎದ್ದು, "ಸಿಗ್ನಲ್ ಲಭ್ಯವಿದೆ" ಅಂತ ಬರೆದುಕೊಂಡು ಹೋದರು. ಅರ್ಜಿ ವಜಾ ಆಯಿತು. ನಾನು ಊರವರನ್ನೆಲ್ಲ ಕೂರಿಸಿ ಬೈದೆ. "ಊಟಕ್ಕೆ ಬಂದೋರ್ನ ಹಂಗೇ ಕಳ್ಸಕ್ಕಾಯ್ತದಾ ಮೇಡಂ?" ಅಂತ ನನ್ನನ್ನೇ ಕೇಳಿದರು.

೪. ಏನಂತ ಹೇಳಲಿ

ನಾನೂ ಬಿಡೋ ಪೈಕಿ ಅಲ್ಲ. ಹಾಸನದ ಆಫೀಸಿಗೆ ಹೋಗಿ, "ಜನ ಏನು ಮರದ ಮೇಲೆ ಸಂಸಾರ ಮಾಡ್ತಾರೇನ್ರೀ?" ಅಂತ ಜೋರು ಮಾಡಿದ್ದಕ್ಕೆ ಮತ್ತೊಂದು ಪರೀಕ್ಷೆಗೆ ಒಪ್ಪಿದರು. ಬಂದವರು ಅದೇ ಸಾಹೇಬರು.

ಈ ಸಲ ಊರಿಗೆಲ್ಲ ಬಾಯಿ ಬಿಡಬೇಡಿ ಅಂತ ಹೇಳಿದ್ದೆ. ಕಾಯಿ ಕೀಳೋನಿಗಂತೂ, "ಸಂಜೆವರೆಗೂ ಅವರ ಕಣ್ಣಿಗೆ ಬೀಳಬೇಡ, ಪಕ್ಕದೂರು ಹಗರೆಗಾದರೂ ಹೋಗು" ಅಂದಿದ್ದೆ. ಸಾಹೇಬರು ಮತ್ತೆ ಎಲ್ಲ ಕಡೆ ನೋಡಿ ಅಜ್ಜಿಯ ಹಿತ್ತಲಿಗೆ ಬಂದರು. ಆಗ ತಲೆಯ ಮೇಲಿಂದ ಹಲೋ ಅಂತ ಕೇಳಿಸಿತು. ಪುಣ್ಯಾತ್ಮ ಹಗರೆಗೆ ಹೋಗುವ ಬದಲು ಮರದ ಮೇಲೆ ಅಡಗಿ ಕೂತಿದ್ದ. ಅಜ್ಜಿ ಸೆರಗನ್ನು ಬಾಯಿಗೆ ಇಟ್ಟುಕೊಂಡಳು.

"ಸಾ, ನಿಮ್ ಮನೆ ಮೇಡಮ್ಮೋರು. ಅವತ್ತಿನ ನಂಬರ್ ಮಡಗಿದ್ರಂತೆ. ನಿಮ್ ಫೋನ್ ಯಾಕೆ ಹೋಗ್ತಿಲ್ಲ, ಎಲ್ಲಿದೀರಾ ಅಂತ ರೇಗ್ತಾವ್ರೆ. ಏನಂತ ಹೇಳ್ಲಿ?"

ಸಾಹೇಬರು ಬೆವತು ಹೋದರು. "ಅಯ್ಯೋ, ಇಲ್ಲಿ ಸಿಗ್ನಲ್ಲೇ ಇಲ್ಲ ಅಂತ ಹೇಳಪ್ಪಾ" ಅಂದರು.

"ಸಾರ್, ಅದನ್ನೇ ಬರ್ಕೊಳ್ಳಿ" ಅಂದೆ ನಾನು.

೫. ಗುಟ್ಟು

ಬರೆದುಕೊಂಡರು. ನಿಧಾನವಾಗಿಯಾದರೂ ಟವರ್ ಬಂತು. ಶುರುವಾದ ದಿನ ಅಟೆಂಡರ್ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದಿದ್ದ. ಅವನನ್ನು ಟವರಿನಿಂದ ದೂರ ನಿಲ್ಲಿಸಿ, ಮೊದಲ ಫೋನ್ ಅಜ್ಜಿಯದೇ ಆಗಲಿ ಅಂದೆ. ಜಗುಲಿಯ ಮೇಲೆ ಕೂರಿಸಿ, ಮಗಳ ನಂಬರ್ ಒತ್ತಿ ಕೊಟ್ಟೆ. ಗುಟ್ಟಿನ ಮಾತಲ್ಲವೇ, ಜನರನ್ನೆಲ್ಲ ರಸ್ತೆಯಾಚೆಗೆ ಅಟ್ಟಿದೆ. ನನ್ನ ಕಣ್ಣೂ ಒದ್ದೆಯಾಗಿತ್ತು, ಸುಳ್ಳೇಕೆ ಹೇಳಲಿ.

ಆದರೆ ಅಜ್ಜಿಗೆ ಫೋನ್ ಅಂದರೆ ಮರದ ತುದಿಗೆ ಕೇಳುವಂತೆ ಕೂಗೋದು ಅಂತಲೇ ಅಭ್ಯಾಸ. ಕತ್ತು ಮೇಲೆತ್ತಿ ಶುರು ಮಾಡಿದಳು.

"ಮಗಾ, ಹತ್ರ ಯಾರೂ ಇಲ್ಲ ತಾನೆ? ಇಲ್ಲೂ ಯಾರೂ ಇಲ್ಲ, ಕೇಳು. ಆ ಕಾಯಿ ಕೀಳೋನು ಅವ್ನಲ್ಲ, ನಿಂಗೆ ಫೋನ್ ಮಾಡ್ಕೊಡ್ತೀನಿ ಅಂತ ಹತ್ತಿದಾಗೆಲ್ಲ ನಮ್ ಮರದಾಗೆ ಎರಡು ಕಾಯಿ ಕಿತ್ಕೊಂಡು ಹೋಯ್ತಾನೆ. ಇಷ್ಟು ವರ್ಸದಿಂದ ನಿಂಗೆ ಹೇಳಾನ ಅಂದ್ರೆ, ಅವನ ಬಾಯಲ್ಲೇ ಹೇಳಿಸ್ಬೇಕಿತ್ತಲ್ಲೇ."

ರಸ್ತೆಯಾಚೆ ನಿಂತಿದ್ದವರೆಲ್ಲ ಕತ್ತೆತ್ತಿ ಮರದ ತುದಿ ನೋಡಿದರು. ಪೂಜೆಗೆ ಕಾಯಿ ಕೀಳಲು ಅದೇ ಮರ ಹತ್ತಿದ್ದವನು ಗರಿ ಸರಿಸಿ ಕೆಳಗೆ ಇಣುಕಿದ.

"ಅಜ್ಜೀ, ಅದು ಕದ್ದಿದ್ದಲ್ಲ ಕಣಜ್ಜಿ. ಫೋನಿಗೆ ಕರೆನ್ಸಿ ಹಾಕ್ಸಿದ್ದು."